ಪ್ರಶಸ್ತಿ ಬೇಡ, ಪ್ರಶ್ನೆಗಳಿರಲಿ: ಯುರೋಪಿನ ಸರ್ಕಾರಿ ಕಚೇರಿಗಳು ಒಂದರಿಂದೊಂದು ಕಲಿತ ಬಗೆ

1998ರ ಕೊನೆಯ ಆರು ತಿಂಗಳು ಯುರೋಪಿಯನ್ ಒಕ್ಕೂಟದ ಅಧ್ಯಕ್ಷತೆ ಆಸ್ಟ್ರಿಯಾದ ಕೈಯಲ್ಲಿತ್ತು. ಆಗ ಒಕ್ಕೂಟದಲ್ಲಿ 15 ದೇಶಗಳು. ಆ ದೇಶಗಳ ಸಾರ್ವಜನಿಕ ಆಡಳಿತ ನೋಡಿಕೊಳ್ಳುವ ಮಹಾನಿರ್ದೇಶಕರ ನಡುವೆ ಒಂದು ಸಲಹೆ ಓಡಾಡುತ್ತಿತ್ತು. ಸರ್ಕಾರಿ ಕಚೇರಿಗಳಿಗೆ ಯುರೋಪ್ ಮಟ್ಟದ ಗುಣಮಟ್ಟ ಪ್ರಶಸ್ತಿ ಕೊಡೋಣ. ಒಳ್ಳೆ ಕೆಲಸ ಮಾಡಿದವರನ್ನು ಗುರುತಿಸಿದರೆ ಉಳಿದವರು ಅವರನ್ನು ನೋಡಿ ಕಲಿಯುತ್ತಾರೆ ಎಂಬ ಲೆಕ್ಕ.

ಸಲಹೆ ಬಿದ್ದುಹೋಯಿತು. ಒಂದು ದೇಶಕ್ಕೆ ಒಳ್ಳೆಯ ಆಡಳಿತ ಅಂದರೆ ಕಾನೂನಿನ ಅಕ್ಷರ ತಪ್ಪದ ಆಡಳಿತ. ಇನ್ನೊಂದಕ್ಕೆ ಕೌಂಟರಿಗೆ ಬಂದ ಜನ ಬೇಗ ಕೆಲಸ ಮುಗಿಸಿಕೊಂಡು ಹೋಗುವುದು. ಇಷ್ಟು ಬೇರೆ ಬೇರೆ ನಂಬಿಕೆ ಇರುವ ಕಡೆ ಯಾರು ಮೇಲು ಎಂದು ತೀರ್ಪು ಕೊಡುವುದು ಹೇಗೆ? ಕೊನೆಗೆ ಅವರು ಬೇರೆ ದಾರಿ ಹಿಡಿದರು. ಎಲ್ಲ ದೇಶಗಳ ಕಚೇರಿಗಳೂ ಬಳಸಬಹುದಾದ ಒಂದು ಸಾಮಾನ್ಯ ಸ್ವಯಂ ಮೌಲ್ಯಮಾಪನ ಚೌಕಟ್ಟು ಮಾಡೋಣ ಎಂದರು. ಕಾಮನ್ ಅಸೆಸ್‌ಮೆಂಟ್ ಫ್ರೇಮ್‌ವರ್ಕ್, ಚಿಕ್ಕದಾಗಿ ಕ್ಯಾಫ್, ಹುಟ್ಟಿದ್ದು ಹೀಗೆ.

ಈ ಪ್ರಕರಣ ನನಗೆ ಮುಖ್ಯ ಅನ್ನಿಸುವುದಕ್ಕೆ ಕಾರಣ ಇದೆ. ಒಳ್ಳೆಯ ಪದ್ಧತಿಗಳನ್ನು ಹಂಚಿಕೊಳ್ಳೋಣ ಎಂದು ಎಲ್ಲ ಸರ್ಕಾರಗಳೂ ಹೇಳುತ್ತವೆ. ಆಮೇಲೆ ಒಂದು ಸಮ್ಮೇಳನ, ನಾಲ್ಕು ಸ್ಲೈಡ್, ಒಂದು ಕೈಪಿಡಿ. ಅಲ್ಲಿಗೆ ಮುಗಿಯಿತು. ಯುರೋಪಿನವರು ಮಾಡಿದ ಬೇರೆ ಕೆಲಸ ಏನೆಂದರೆ, ಸಿದ್ಧ ಉತ್ತರಗಳನ್ನು ಹಂಚುವ ಮೊದಲು ಪ್ರಶ್ನೆಗಳನ್ನು ಹಂಚಿದರು. ಕ್ಯಾಫ್ ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಾಳಿದ್ದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಆದೇಶ ಹೊರಡಿಸುವ ಅಧಿಕಾರ ಯಾರಿಗೂ ಇರಲಿಲ್ಲ

ಒಕ್ಕೂಟದ ಮುಖ್ಯ ಕಚೇರಿಗಳಿರುವ ಬ್ರಸೆಲ್ಸ್‌ನಿಂದ ಒಂದು ಆದೇಶ ಹೊರಡಿಸಿದ್ದರೆ ಆಗುತ್ತಿರಲಿಲ್ವಾ ಎಂದು ಕೇಳಬಹುದು. ಆಗುತ್ತಿರಲಿಲ್ಲ. ತನ್ನ ಕಚೇರಿಗಳನ್ನು ಹೇಗೆ ನಡೆಸಬೇಕು ಎಂಬುದು ಆಯಾ ಸದಸ್ಯ ದೇಶದ ಸ್ವಂತ ವಿಷಯ. 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ, ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದದ ನಂತರವೂ ಇದು ಬದಲಾಗಲಿಲ್ಲ. ಒಕ್ಕೂಟದ ಕಾರ್ಯವಿಧಾನದ ಒಪ್ಪಂದದ 197ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಒಕ್ಕೂಟದ ಕಾನೂನನ್ನು ಸರಿಯಾಗಿ ಜಾರಿ ಮಾಡುವುದು ಎಲ್ಲರಿಗೂ ಸೇರಿದ ವಿಷಯ, ಅದಕ್ಕೆ ಆಡಳಿತದ ಸಾಮರ್ಥ್ಯ ಹೆಚ್ಚಿಸಲು ಒಕ್ಕೂಟ ನೆರವು ಕೊಡಬಹುದು. ಆದರೆ ಆ ನೆರವನ್ನು ತೆಗೆದುಕೊಳ್ಳಲೇಬೇಕು ಎಂದು ಯಾವ ದೇಶಕ್ಕೂ ಹೇಳುವಂತಿಲ್ಲ. ಎಲ್ಲರ ಕಾನೂನನ್ನು ಒಂದೇ ಅಚ್ಚಿಗೆ ತರುವಂತೆಯೂ ಇಲ್ಲ.

ಆದರೆ ಒಂದು ದೇಶದ ಕಚೇರಿ ಸರಿಯಿಲ್ಲದಿದ್ದರೆ ಅದರ ಬಿಸಿ ಇನ್ನೊಂದು ದೇಶಕ್ಕೆ ತಟ್ಟುತ್ತದೆ. ಒಂದೇ ಮಾರುಕಟ್ಟೆ ಮಾಡಿಕೊಂಡ ಮೇಲೆ ಪೋರ್ಚುಗಲ್‌ನಲ್ಲಿ ತಪಾಸಣೆ ಮುಗಿಸಿದ ಸಾಮಾನು ಫಿನ್ಲೆಂಡಿನ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಗ್ರೀಸ್‌ನಲ್ಲಿ ಓದಿದ ನರ್ಸ್ ಜರ್ಮನಿಯಲ್ಲಿ ಕೆಲಸಕ್ಕೆ ಸೇರುತ್ತಾರೆ. ಪಕ್ಕದ ದೇಶದ ಫೈಲಿನ ಮೇಲೆ ನಂಬಿಕೆ ಇಲ್ಲದಿದ್ದರೆ ಇದು ನಡೆಯುವುದಿಲ್ಲ. ಹೇಳುವ ಅಧಿಕಾರ ಇಲ್ಲ, ಬಿಟ್ಟು ಕೂರುವ ಹಾಗೂ ಇಲ್ಲ. ಪರಿಸ್ಥಿತಿ ಇದು.

ಈ ಜಾಗವನ್ನು ತುಂಬಿದ್ದು ಯೂಪಾನ್ ಎಂಬ ಅನೌಪಚಾರಿಕ ಜಾಲ. ಪ್ರತಿ ದೇಶದ ಸಾರ್ವಜನಿಕ ಆಡಳಿತದ ಮಹಾನಿರ್ದೇಶಕರು ಇದರಲ್ಲಿ ಕೂರುತ್ತಾರೆ. ಒಕ್ಕೂಟದ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಕೈ ಬದಲಾಗುತ್ತದಲ್ಲ, ಆ ಸರದಿ ಯಾರದೋ ಅವರೇ ಸಭೆ ಕರೆಯುತ್ತಾರೆ. ಇಲ್ಲಿ ಯಾರೂ ಯಾರಿಗೂ ಆಜ್ಞೆ ಮಾಡುವಂತಿಲ್ಲ. ಕ್ಯಾಫ್ ಕೆಲಸವೂ ಇದೇ ಸರದಿಯಲ್ಲಿ ನಡೆಯಿತು. ಆಸ್ಟ್ರಿಯಾದ ನಂತರ 1999ರಲ್ಲಿ ಜರ್ಮನಿ, ಆಮೇಲೆ ಫಿನ್ಲೆಂಡ್, 2000ದಲ್ಲಿ ಪೋರ್ಚುಗಲ್. ಆ ವರ್ಷದ ಮೇ ತಿಂಗಳಲ್ಲಿ ಲಿಸ್ಬನ್ನಿನಲ್ಲಿ ಒಕ್ಕೂಟದ ಸಾರ್ವಜನಿಕ ಆಡಳಿತಗಳ ಮೊದಲ ಗುಣಮಟ್ಟ ಸಮ್ಮೇಳನ ನಡೆಯಿತು. ಕ್ಯಾಫ್‌ನ ಪ್ರಾಯೋಗಿಕ ಆವೃತ್ತಿ ಹೊರಬಂದದ್ದು ಅಲ್ಲಿ. ಮರುವರ್ಷ ಮಾಸ್ಟ್ರಿಕ್ಟ್‌ನ ಐಪಾ, ಅಂದರೆ ಯುರೋಪಿಯನ್ ಸಾರ್ವಜನಿಕ ಆಡಳಿತ ಸಂಸ್ಥೆಯಲ್ಲಿ ಕ್ಯಾಫ್ ಸಂಪನ್ಮೂಲ ಕೇಂದ್ರ ಶುರುವಾಯಿತು. ಅಧ್ಯಕ್ಷತೆ ಆರು ತಿಂಗಳಿಗೆ ಬದಲಾದರೂ ನೆನಪು ಉಳಿಯಲು ಒಂದು ಜಾಗ ಬೇಕಿತ್ತು. ಇಡೀ ವ್ಯವಸ್ಥೆಯಲ್ಲಿ ತುಂಬ ಜಾಣತನದ ತೀರ್ಮಾನ ಇದು. ಜನರ ಗಮನಕ್ಕೆ ಬರುವುದು ಮಾತ್ರ ಕಡಿಮೆ.

ಚೌಕಟ್ಟಿನ ಒಳಗೇನಿದೆ

ಕ್ಯಾಫ್‌ಗೆ ಇಬ್ಬರು ಹಿರಿಯರು. ಒಬ್ಬರು ಕಂಪನಿಗಳ ಲೋಕದವರು. 1988ರಲ್ಲಿ ಫಿಲಿಪ್ಸ್, ರೆನೋ, ಫೋಕ್ಸ್‌ವ್ಯಾಗನ್, ಬಾಷ್ ಸೇರಿ 14 ಯುರೋಪಿಯನ್ ಕಂಪನಿಗಳು ಗುಣಮಟ್ಟಕ್ಕಾಗಿ ಇಎಫ್‌ಕ್ಯೂಎಂ ಎಂಬ ಪ್ರತಿಷ್ಠಾನ ಕಟ್ಟಿದವು. ಅದರ ಮಾದರಿಯ ಒಂಬತ್ತು ಚೌಕಗಳೇ, ಅಂದರೆ ಒಂಬತ್ತು ಮಾನದಂಡಗಳೇ, ಕ್ಯಾಫ್‌ನ ಎಲುಬು. ಇನ್ನೊಬ್ಬರು ಜರ್ಮನಿಯ ಸ್ಪೈಯರ್ ಊರಿನ ಆಡಳಿತ ವಿಜ್ಞಾನ ವಿಶ್ವವಿದ್ಯಾಲಯ. ಜರ್ಮನ್ ಮಾತಾಡುವ ದೇಶಗಳ ಸರ್ಕಾರಿ ಕಚೇರಿಗಳಿಗೆ ಅದು 1992ರಿಂದಲೇ ಗುಣಮಟ್ಟ ಸ್ಪರ್ಧೆ ನಡೆಸುತ್ತಿತ್ತು. ಲಾಭದ ಲೆಕ್ಕ ಇಲ್ಲದ ಕಡೆ ಗುಣಮಟ್ಟವನ್ನು ಹೇಗೆ ನೋಡಬೇಕು ಎಂಬ ಅನುಭವ ಅಲ್ಲಿಂದ ಬಂತು.

ಒಂಬತ್ತರಲ್ಲಿ ಮೊದಲ ಐದು ಮಾನದಂಡಗಳು ಕಚೇರಿ ಏನು ಮಾಡುತ್ತದೆ ಎಂದು ಕೇಳುತ್ತವೆ. ನಾಯಕತ್ವ, ಯೋಜನೆ, ಸಿಬ್ಬಂದಿ, ಪಾಲುದಾರರು ಮತ್ತು ಸಂಪನ್ಮೂಲ, ಕೆಲಸದ ಪ್ರಕ್ರಿಯೆ. ಉಳಿದ ನಾಲ್ಕು ಏನು ಫಲ ಸಿಕ್ಕಿತು ಎಂದು ಕೇಳುತ್ತವೆ. ಜನರಿಗೆ, ಸಿಬ್ಬಂದಿಗೆ, ಸಮಾಜಕ್ಕೆ, ಕೊನೆಗೆ ಕಚೇರಿಯ ಮುಖ್ಯ ಗುರಿಗೆ. 2006ರ ಆವೃತ್ತಿಯಿಂದ ಇವುಗಳ ಕೆಳಗೆ ಒಟ್ಟು 28 ಉಪಮಾನದಂಡಗಳಿವೆ. ಮೊದಲ ಐದರಲ್ಲಿ 20, ಫಲಿತಾಂಶದ ನಾಲ್ಕರಲ್ಲಿ ತಲಾ ಎರಡು.

ಒಂದು ಪಟ್ಟಣದ ಕಟ್ಟಡ ಪರವಾನಗಿ ವಿಭಾಗ ಎಂದುಕೊಳ್ಳಿ. ಅಲ್ಲಿ ಸುಮಾರು ಹತ್ತು ಜನರ ತಂಡ ಕಟ್ಟುತ್ತಾರೆ. ಎಂಜಿನಿಯರ್, ಕೌಂಟರಿನ ಗುಮಾಸ್ತ, ಫೀಲ್ಡಿಗೆ ಹೋಗುವ ತಪಾಸಣೆಗಾರ, ಲೆಕ್ಕಪತ್ರದವರು, ಹೀಗೆ ಎಲ್ಲ ಮಟ್ಟದವರೂ ಇರಬೇಕು. ಮೇಲಧಿಕಾರಿ ಈ ತಂಡದಲ್ಲಿ ಇರಬೇಕಾ ಬೇಡವಾ ಎಂಬ ಪ್ರಶ್ನೆಯನ್ನು ಕೈಪಿಡಿ ನೇರವಾಗಿಯೇ ಎತ್ತಿಕೊಳ್ಳುತ್ತದೆ. ಇದ್ದರೆ ತೀರ್ಮಾನಗಳು ಜಾರಿಯಾಗುವ ಸಾಧ್ಯತೆ ಜಾಸ್ತಿ. ಆದರೆ ಉಳಿದವರು ಬಾಯಿ ಬಿಡದೇ ಇರಬಹುದು. ಆ ಕಚೇರಿಯ ವಾತಾವರಣ ನೋಡಿ ನಿರ್ಧರಿಸಿ ಎನ್ನುತ್ತದೆ. ಸರ್ಕಾರಿ ಕಚೇರಿಯ ಒಳಗೆ ಕೂತು ಬರೆದವರಿಗೆ ಮಾತ್ರ ಹೊಳೆಯುವ ಮಾತು ಇದು.

ತಂಡದ ಪ್ರತಿಯೊಬ್ಬರೂ ಮೊದಲು ಒಬ್ಬೊಬ್ಬರೇ ಕೂತು ಅಂಕ ಕೊಡುತ್ತಾರೆ, ಸೊನ್ನೆಯಿಂದ ನೂರರವರೆಗೆ. ಅಂಕ ಸುಮ್ನೆ ಮನಸ್ಸಿಗೆ ಬಂದ ಹಾಗೆ ಅಲ್ಲ. ಯೋಜನೆ ಮಾತ್ರ ಇದ್ದರೆ 11ರಿಂದ 30. ಅದನ್ನು ಜಾರಿ ಮಾಡುತ್ತಿದ್ದರೆ 31ರಿಂದ 50. ಸರಿಯಾಗಿ ನಡೆಯುತ್ತಿದೆಯಾ ಎಂದು ಪರಿಶೀಲಿಸುತ್ತಿದ್ದರೆ 51ರಿಂದ 70. ಪರಿಶೀಲಿಸಿ, ಬೇರೆಯವರನ್ನೂ ನೋಡಿ, ತಿದ್ದಿಕೊಂಡಿದ್ದರೆ 71ರಿಂದ 90. ಈ ಚಕ್ರ ಪ್ರತಿ ಸಲ ತಾನಾಗಿ ತಿರುಗುತ್ತಿದ್ದರೆ ಮಾತ್ರ ಅದಕ್ಕಿಂತ ಮೇಲೆ. ಫಲಿತಾಂಶಕ್ಕೆ ಬೇರೆ ಅಳತೆ. ಏನನ್ನೂ ಅಳೆದೇ ಇಲ್ಲದಿದ್ದರೆ 10ರ ಒಳಗೆ. ಅಳೆದದ್ದು ಇಳಿಯುತ್ತಿದ್ದರೆ 11ರಿಂದ 30. ಏರಿಕೆ ಕಂಡರೆ ಅಂಕವೂ ಏರುತ್ತದೆ. ಪ್ರತಿ ಅಂಕಕ್ಕೂ ಪುರಾವೆ ಬೇಕು. "ನಾವು ಜನರ ಮಾತು ಕೇಳುತ್ತೇವೆ" ಎಂದರೆ ಸಾಲದು. ಯಾವಾಗ ಕೇಳಿದಿರಿ, ಎಲ್ಲಿ ಬರೆದಿಟ್ಟಿದ್ದೀರಿ, ಕೇಳಿದ ಮೇಲೆ ಏನು ಬದಲಾಯಿತು?

ಆಮೇಲೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಕ್ಯಾಫ್‌ನ ಜೀವ ಇರುವುದು ಈ ಸಭೆಯಲ್ಲಿ. ಮೇಲಿನ ಉದಾಹರಣೆಯಲ್ಲೇ, ಸಿಬ್ಬಂದಿಯ ಜೊತೆ ಮುಕ್ತ ಮಾತುಕತೆ ಎಂಬ ಉಪಮಾನದಂಡಕ್ಕೆ ಎಂಜಿನಿಯರ್ 65 ಕೊಟ್ಟಿರುತ್ತಾರೆ, ಗುಮಾಸ್ತ 15 ಕೊಟ್ಟಿರುತ್ತಾರೆ ಎಂದುಕೊಳ್ಳಿ. ಇವೆರಡರ ಸರಾಸರಿ 40 ಎಂದು ಬರೆದುಬಿಟ್ಟರೆ ಕೆಲಸ ಕೆಟ್ಟಿತು. ಸರಾಸರಿ ತೆಗೆಯುವುದಲ್ಲ, ಒಮ್ಮತಕ್ಕೆ ಬರಬೇಕು. ನಿಮಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ ಎಂದು ಇಬ್ಬರೂ ಪುರಾವೆ ಮುಂದಿಟ್ಟು ಮಾತಾಡಬೇಕು. ವಾರದ ಸಭೆ ನಡೆಯುತ್ತದೆ ಎಂದು ಎಂಜಿನಿಯರ್ ತೋರಿಸುತ್ತಾರೆ. ಆ ಸಭೆಗೆ ಕೌಂಟರಿನವರನ್ನು ಕರೆಯುವುದೇ ಇಲ್ಲ ಎಂದು ಗುಮಾಸ್ತ ಹೇಳುತ್ತಾರೆ. ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದವರ ನಡುವೆ ಆ ಮಾತು ಮೊದಲ ಸಲ ಹೊರಗೆ ಬರುತ್ತದೆ. ಕೊನೆಗೆ 25ಕ್ಕೋ 30ಕ್ಕೋ ಒಪ್ಪಿಕೊಳ್ಳಬಹುದು. ಆ ಸಂಖ್ಯೆಯನ್ನು ನಾಳೆ ಎಲ್ಲರೂ ಮರೆತರೂ ಚಿಂತೆ ಇಲ್ಲ, ಮಾತು ಹೊರಗೆ ಬಂತಲ್ಲ.

ಫಲಿತಾಂಶದ ಕಡೆಯಲ್ಲೂ ಹೀಗೊಂದು ಚುರುಕು ಇದೆ. ಜನರಿಗೆ ಸಿಕ್ಕ ಫಲವನ್ನು ಎರಡು ಕಡೆಯಿಂದ ನೋಡಬೇಕು. ಜನ ಏನು ಹೇಳುತ್ತಾರೆ ಎಂಬುದು ಒಂದು. ಕಚೇರಿ ಅಳೆದದ್ದು ಏನು ಹೇಳುತ್ತದೆ ಎಂಬುದು ಇನ್ನೊಂದು. ಪರವಾನಗಿ ಸರಾಸರಿ 20 ದಿನದಲ್ಲಿ ಸಿಗುತ್ತಿದೆ ಎಂದು ಕಂಪ್ಯೂಟರ್ ಹೇಳುತ್ತದೆ, ಜನ ಮಾತ್ರ ಎರಡು ತಿಂಗಳು ಅಲೆದೆವು ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಎರಡೂ ನಿಜ ಇರಬಹುದು. ಅರ್ಜಿ ಪೂರ್ತಿಯಾಗಿ ಸ್ವೀಕಾರವಾದ ದಿನದಿಂದ ಕಚೇರಿ ಲೆಕ್ಕ ಹಾಕುತ್ತದೆ. ಮೊದಲ ಕಾಗದ ಕೇಳಿಕೊಂಡು ಬಂದ ದಿನದಿಂದ ಜನ ಲೆಕ್ಕ ಹಾಕುತ್ತಾರೆ. ಈ ವ್ಯತ್ಯಾಸ ಒಂದೇ ಕಡೆಯಿಂದ ನೋಡಿದರೆ ಯಾವತ್ತೂ ಕಾಣುವುದಿಲ್ಲ.

ನಮ್ಮ ಓದುಗರಿಗೆ ಇಲ್ಲಿ ಸಕಾಲ ನೆನಪಾಗುವುದು ಸಹಜ. ಅದಕ್ಕೂ ಯುರೋಪಿಗೂ ಒಂದು ದೂರದ ನಂಟು ಇದೆ. ಬ್ರಿಟನ್ನಿನಲ್ಲಿ ಜಾನ್ ಮೇಜರ್ ಸರ್ಕಾರ 1991ರಲ್ಲಿ ನಾಗರಿಕ ಸನ್ನದು ತಂದಿತು. ಇಂಥ ಸೇವೆ, ಇಷ್ಟು ಹೊತ್ತಿನಲ್ಲಿ, ಈ ಮಟ್ಟದಲ್ಲಿ ಕೊಡುತ್ತೇವೆ ಎಂಬ ಬರಹದ ಮಾತು ಅದು. ಭಾರತದಲ್ಲಿ 1997ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನದ ನಂತರ ಸನ್ನದುಗಳು ಬಂದವು. ಸನ್ನದಿಗೆ ಕಾನೂನಿನ ಹಲ್ಲು ಇರಲಿಲ್ಲ. ಅದನ್ನು ಕೊಟ್ಟದ್ದು ರಾಜ್ಯಗಳ ಸೇವಾ ಖಾತರಿ ಕಾಯ್ದೆಗಳು. ಕರ್ನಾಟಕದ 2011ರ ಕಾಯ್ದೆ 2012ರ ಏಪ್ರಿಲ್‌ನಲ್ಲಿ ಸಕಾಲ ಹೆಸರಿನಲ್ಲಿ ರಾಜ್ಯದ ತುಂಬ ಜಾರಿಯಾಯಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಸಕಾಲ ದಿನ ಎಣಿಸುತ್ತದೆ, ಅದು ಬೇಕಾದದ್ದೇ. ದಿನ ಯಾಕೆ ಜಾಸ್ತಿಯಾಗುತ್ತಿದೆ ಎಂದು ಕಚೇರಿ ಒಳಗೆ ಕೂತು ಹುಡುಕುವುದು ಕ್ಯಾಫ್‌ನ ಕೆಲಸ. ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಹಂಚಿಕೊಂಡದ್ದು ಹೇಗೆ

ಇನ್ನು ಪ್ರಕರಣದ ನಿಜವಾದ ಗಂಟಿಗೆ ಬರೋಣ. ಪ್ರತಿ ಕಚೇರಿ ತನ್ನನ್ನು ತಾನು ನೋಡಿಕೊಂಡಿತು, ಸರಿ. ಒಂದು ಇನ್ನೊಂದರಿಂದ ಕಲಿಯುವುದು ಹೇಗೆ?

ಅಂಕಗಳನ್ನು ಹೋಲಿಸೋಣ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ನಮ್ಮದು 45, ನಿಮ್ಮದು 70, ಹಾಗಾದರೆ ನಿಮ್ಮಿಂದ ಕಲಿಯುತ್ತೇವೆ. ಕೇಳಲು ಚೆನ್ನಾಗಿದೆ, ಆದರೆ ಇದು ನಿಲ್ಲುವುದಿಲ್ಲ. ಅಂಕ ಕೊಟ್ಟವರು ಆಯಾ ಕಚೇರಿಯವರೇ. ತಮ್ಮ ಬಗ್ಗೆ ಕಠಿಣವಾಗಿ ಮಾತಾಡುವ ಸಂಪ್ರದಾಯ ಇರುವ ಕಡೆ ಅಂಕ ಕಡಿಮೆ ಬೀಳುತ್ತದೆ. ಇಲ್ಲದ ಕಡೆ ಜಾಸ್ತಿ ಬೀಳುತ್ತದೆ. ಅನುಭವ ಹೆಚ್ಚಾದ ಹಾಗೆ ಅದೇ ತಂಡ ಎರಡನೇ ಸಲ ತನಗೆ ಕಡಿಮೆ ಅಂಕ ಕೊಟ್ಟುಕೊಳ್ಳಬಹುದು. ಕೆಲಸ ಕೆಟ್ಟಿದೆ ಎಂದಲ್ಲ, ಕಣ್ಣು ಚುರುಕಾಗಿದೆ ಎಂದು. ಅಂಥ ಅಂಕಗಳನ್ನು ಪಟ್ಟಿ ಮಾಡಿ ದೇಶ ದೇಶಗಳನ್ನು ಸಾಲಾಗಿ ನಿಲ್ಲಿಸಿದರೆ ಮುಂದಿನ ಸಲ ಎಲ್ಲರೂ ತಮಗೆ 80 ಕೊಟ್ಟುಕೊಳ್ಳುತ್ತಾರೆ.

ಹಾಗಾಗಿ ಹೋಲಿಕೆಯ ಜಾಗಕ್ಕೆ ಬೆಂಚ್‌ಲರ್ನಿಂಗ್ ಎಂಬ ಕ್ರಮ ಬಂತು. ಇಲ್ಲಿ ಅಂಕ ಮುಖ್ಯವಲ್ಲ. ಎಲ್ಲರ ಬಳಿ ಒಂದೇ 28 ಶೀರ್ಷಿಕೆಗಳಿವೆ. ನಮಗೆ ಸಿಬ್ಬಂದಿಯ ವಿಷಯದಲ್ಲಿ ತೊಂದರೆ ಇದೆ, ಆ ವಿಷಯದಲ್ಲಿ ಏನಾದರೂ ಮಾಡಿ ನೋಡಿದವರು ಯಾರು? ಮಾಸ್ಟ್ರಿಕ್ಟ್ ಕೇಂದ್ರದ ದಾಖಲೆಯಲ್ಲಿ ಹುಡುಕಬಹುದು. ಅವರ ಕಚೇರಿಗೆ ಹೋಗಿ ಹೇಗೆ ಮಾಡಿದಿರಿ, ಎಲ್ಲಿ ಎಡವಿದಿರಿ ಎಂದು ಕೇಳಬಹುದು. ಇಟಲಿಯ ಒಂದು ಶಾಲೆ ಮತ್ತು ನಾರ್ವೆಯ ಒಂದು ಪುರಸಭೆ ಇಬ್ಬರೂ ಒಂದೇ ಶೀರ್ಷಿಕೆಯ ಕೆಳಗೆ ತಮ್ಮ ಕಷ್ಟ ಹೇಳಿಕೊಳ್ಳಬಹುದಾದರೆ ಮಾತುಕತೆಗೆ ದಾರಿಯಾಯಿತು. ಕ್ಯಾಫ್ 20ಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ, ಪೂರ್ತಿ ಉಚಿತ. ಲೈಸೆನ್ಸ್ ಇಲ್ಲ, ಸಲಹೆಗಾರ ಕಂಪನಿ ಬೇಕೇಬೇಕು ಎಂದಿಲ್ಲ. ಸಣ್ಣ ಊರಿನ ಕಚೇರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಐಎಸ್ಒ ಪ್ರಮಾಣಪತ್ರಕ್ಕೆ ಹಣ ಹೊಂದಿಸಿದವರಿಗೆ ಗೊತ್ತು.

ಸಮ್ಮೇಳನಗಳ ಮಾತು ಬೇರೆ. ಲಿಸ್ಬನ್ ನಂತರ 2002ರಲ್ಲಿ ಕೋಪನ್‌ಹೇಗನ್, 2004ರಲ್ಲಿ ರಾಟರ್‌ಡ್ಯಾಮ್, 2006ರಲ್ಲಿ ಫಿನ್ಲೆಂಡಿನ ಟಾಂಪೆರೆ, 2008ರಲ್ಲಿ ಪ್ಯಾರಿಸ್, 2011ರಲ್ಲಿ ವಾರ್ಸಾ. ಪ್ರತಿ ದೇಶ ತನ್ನ ಅತ್ಯುತ್ತಮ ಪದ್ಧತಿಗಳನ್ನು ಆರಿಸಿ ಕಳಿಸುತ್ತಿತ್ತು. ಇದರಿಂದ ಉತ್ಸಾಹ ಹುಟ್ಟಿತು, ಗುರುತು ಪರಿಚಯ ಆಯಿತು. ಆದರೆ ವೇದಿಕೆಗೆ ಬರುವುದು ಗೆದ್ದ ಕಥೆಗಳು. ಸೋತು ತಿದ್ದಿಕೊಂಡ ಮಧ್ಯದ ಭಾಗ ಅಲ್ಲಿ ಹೆಚ್ಚು ಬರುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಅದೇ ಭಾಗ ಅಲ್ವಾ? ಅದಕ್ಕೇ ನನಗೆ ಹೆಚ್ಚು ಬೆಲೆಬಾಳುವುದೆಂದು ಕಾಣುವುದು ಕ್ಯಾಫ್ ಬಳಸುವವರು ತಾವೇ ಸೇರುವ ಕೂಟಗಳು. 2003ರಲ್ಲಿ ರೋಮ್‌ನಲ್ಲಿ ಮೊದಲನೆಯದು, 2005ರಲ್ಲಿ ಲಕ್ಸೆಂಬರ್ಗ್, 2007ರಲ್ಲಿ ಲಿಸ್ಬನ್, 2010ರಲ್ಲಿ ಬುಕಾರೆಸ್ಟ್, 2012ರಲ್ಲಿ ಓಸ್ಲೋ. ಅಲ್ಲಿ ಸೇರುವವರು ದಿನಾ ಈ ಚೌಕಟ್ಟಿನ ಜೊತೆ ಗುದ್ದಾಡಿದವರು.

ಬಳಸಿದವರ ಅನುಭವ ಚೌಕಟ್ಟಿಗೂ ಸೇರಿತು. 2002, 2006, 2013, 2020ರಲ್ಲಿ ಹೊಸ ಆವೃತ್ತಿಗಳು ಬಂದವು. ಶಾಲಾ ಕಾಲೇಜುಗಳು ತಮಗೆ ಹೊಂದುವ ರೂಪ ಬೇಕು ಎಂದಾಗ ಬೆಲ್ಜಿಯಂ, ಇಟಲಿ, ನಾರ್ವೆ, ಪೋರ್ಚುಗಲ್ ದೇಶಗಳ ಅನುಭವದ ಮೇಲೆ 2010ರಲ್ಲಿ ಶಿಕ್ಷಣದ ಆವೃತ್ತಿ ಬಂತು. 2020ರದಕ್ಕೆ ಡಿಜಿಟಲೀಕರಣ, ಬೇಗ ಹೊಂದಿಕೊಳ್ಳುವ ಗುಣ, ಸುಸ್ಥಿರತೆ, ವೈವಿಧ್ಯ ಸೇರಿದವು. ಅದೇ ಸಮಯಕ್ಕೆ ಮೂಲ ಇಎಫ್‌ಕ್ಯೂಎಂ ತನ್ನ ಹಳೇ ಒಂಬತ್ತು ಚೌಕ ಬಿಟ್ಟು ಏಳು ಮಾನದಂಡದ ಹೊಸ ಮಾದರಿಗೆ ಹೋಯಿತು. ಕ್ಯಾಫ್ ಒಂಬತ್ತನ್ನೇ ಉಳಿಸಿಕೊಂಡಿತು. ಸಾವಿರಾರು ಕಚೇರಿಗಳು ಕಲಿತ ಮಾತನ್ನು ಒಂದೇ ರಾತ್ರಿಗೆ ಬದಲಾಯಿಸದೇ ಇದ್ದದ್ದು ಸರಿಯಾದ ತೀರ್ಮಾನ.

ಹೊರಗಿನ ಕಣ್ಣು

ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಪದ್ಧತಿಯಲ್ಲಿ ಎಷ್ಟು ನಂಬಬಹುದು ಎಂಬ ಪ್ರಶ್ನೆ ಶುರುವಿನಿಂದ ಇತ್ತು. ಅದಕ್ಕೆ 2010ರ ಹೊತ್ತಿಗೆ ಬಾಹ್ಯ ಪ್ರತಿಕ್ರಿಯೆಯ ವಿಧಾನ ಜಾರಿಗೆ ಬಂತು. ಮೌಲ್ಯಮಾಪನದ ವರದಿ ಆದ ಮೇಲೆ ಆರರಿಂದ ಹನ್ನೆರಡು ತಿಂಗಳ ಒಳಗೆ ಕಚೇರಿ ಅರ್ಜಿ ಹಾಕಬಹುದು. ತರಬೇತಿ ಪಡೆದ ಹೊರಗಿನವರು ಬರುತ್ತಾರೆ. ಎಷ್ಟೋ ಸಲ ಅವರೂ ಬೇರೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರೇ. ಅವರು ಮೂರು ವಿಷಯ ನೋಡುತ್ತಾರೆ. ಸ್ವಯಂ ಮೌಲ್ಯಮಾಪನ ಸರಿಯಾಗಿ ನಡೆಯಿತಾ? ಅದರಿಂದ ಹುಟ್ಟಿದ ಸುಧಾರಣೆ ಯೋಜನೆ ನಿಜವಾಗಿ ಜಾರಿಯಾಗುತ್ತಿದೆಯಾ? ಗುಣಮಟ್ಟದ ಮನೋಭಾವ ಕಚೇರಿಯಲ್ಲಿ ಎಷ್ಟು ಬೇರೂರಿದೆ? ತೃಪ್ತಿಯಾದರೆ ಪರಿಣಾಮಕಾರಿ ಕ್ಯಾಫ್ ಬಳಕೆದಾರ ಎಂಬ ಗುರುತು ಕೊಡುತ್ತಾರೆ.

ಈ ಗುರುತು ಹೆಚ್ಚು ಅಂಕಕ್ಕೆ ಸಿಗುವುದಲ್ಲ ಎಂಬುದನ್ನು ಒತ್ತಿ ಹೇಳಬೇಕು. 30 ಅಂಕದ ಕಚೇರಿ ತನ್ನ ಕೊರತೆಯನ್ನು ಪುರಾವೆ ಸಮೇತ ಒಪ್ಪಿಕೊಂಡು, ಅದರ ಮೇಲೆ ಕೆಲಸ ಶುರುಮಾಡಿದ್ದರೆ ಗುರುತು ಪಡೆಯಬಹುದು. 1998ರಲ್ಲಿ ಪ್ರಶಸ್ತಿ ಬೇಡ ಎಂದ ತರ್ಕವನ್ನು ಇಲ್ಲಿ ಕೊನೆವರೆಗೂ ಪಾಲಿಸಿದ್ದಾರೆ. ಅಟ್ಲಾಂಟಿಕ್ ಆಚೆಯ ಡೊಮಿನಿಕನ್ ಗಣರಾಜ್ಯ ಮಾತ್ರ ಬೇರೆ ದಾರಿ ಹಿಡಿದು, ತನ್ನ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಗೆ ಕ್ಯಾಫ್ ಅನ್ನೇ ಆಧಾರ ಮಾಡಿಕೊಂಡಿದೆ. ಚೌಕಟ್ಟು ಮುಕ್ತವಾಗಿದ್ದರೆ ಬೇಕಾದವರು ಬೇಕಾದ ಹಾಗೆ ಬಳಸುತ್ತಾರೆ.

ಎಲ್ಲಿ ಸೊರಗಿತು

2010ರೊಳಗೆ 2000 ಬಳಕೆದಾರರು ಎಂಬ ಗುರಿ ಇಟ್ಟುಕೊಂಡಿದ್ದರು. 2020ರ ಹೊತ್ತಿಗೆ ನೋಂದಾಯಿಸಿದ ಸಂಸ್ಥೆಗಳು ಸುಮಾರು 4000. ಇಡೀ ಯುರೋಪಿನ ಶಾಲೆ, ಪುರಸಭೆ, ಪೊಲೀಸ್ ಠಾಣೆ, ತೆರಿಗೆ ಕಚೇರಿಗಳನ್ನು ಲೆಕ್ಕ ಹಾಕಿದರೆ ಇದು ಚಿಕ್ಕ ಪಾಲು. ನೋಂದಣಿ ಎಂದರೆ ಒಮ್ಮೆ ಬಳಸಿದ್ದಾರೆ ಎಂದಷ್ಟೇ ಅರ್ಥ, ಈಗಲೂ ಬಳಸುತ್ತಿದ್ದಾರೆ ಎಂದಲ್ಲ. ಹರಡಿದ್ದೂ ಒಂದೇ ಸಮನಾಗಿಲ್ಲ. ಇಟಲಿ, ಬೆಲ್ಜಿಯಂ, ಪೋರ್ಚುಗಲ್, ಪೋಲೆಂಡ್ ಥರದ ಕಡೆ ಬಳಕೆದಾರರು ಹೆಚ್ಚು. ಒಂದು ಸಚಿವಾಲಯ ಅಥವಾ ರಾಷ್ಟ್ರೀಯ ಕೇಂದ್ರ ಬೆನ್ನಿಗೆ ನಿಂತು, ತರಬೇತಿ ಕೊಟ್ಟು, ಕೇಳಿದಾಗ ಫೋನ್ ಎತ್ತುವ ಕಡೆ ಅದು ಬೆಳೆಯುತ್ತದೆ. ಆಸ್ಟ್ರಿಯಾದಲ್ಲಿ ವಿಯೆನ್ನಾದ ಕೆಡಿಜೆಡ್ ಸಂಶೋಧನಾ ಕೇಂದ್ರ ಈ ಕೆಲಸ ಮಾಡುತ್ತದೆ. ಪಶ್ಚಿಮ ಬಾಲ್ಕನ್ ದೇಶಗಳ ಕಚೇರಿಗಳಿಗೂ ಅದು ಕೈ ಜೋಡಿಸಿದೆ. ಬೆನ್ನಿಗೆ ಯಾರೂ ಇಲ್ಲದ ಕಡೆ ಸ್ವಯಂಪ್ರೇರಣೆ ಹೆಚ್ಚು ದಿನ ಉಳಿಯುವುದಿಲ್ಲ.

ಇನ್ನೊಂದು ಸೊರಗುವ ಜಾಗ ಸುಧಾರಣೆ ಯೋಜನೆ. ಕ್ಯಾಫ್‌ನ ಹತ್ತು ಹೆಜ್ಜೆಗಳಲ್ಲಿ ಮೌಲ್ಯಮಾಪನದ ವರದಿ ಬರುವುದು ಆರನೆಯದರಲ್ಲಿ. ಯೋಜನೆ ಬರೆಯುವುದು, ಅದನ್ನು ಎಲ್ಲರಿಗೂ ತಿಳಿಸುವುದು, ಜಾರಿ ಮಾಡುವುದು, ಮತ್ತೆ ಅಳೆಯಲು ಸಿದ್ಧವಾಗುವುದು ಆಮೇಲಿನ ನಾಲ್ಕು. ಆರು ಹೆಜ್ಜೆಗೆ ಬೇಕಾದ ಉತ್ಸಾಹ ಒಂದು ತಂಡದ ಬಳಿ ಇರಬಹುದು. ಉಳಿದ ನಾಲ್ಕಕ್ಕೆ ಬಜೆಟ್ ಬೇಕು, ಮೇಲಧಿಕಾರಿ ಬೇಕು. ಆ ಮೇಲಧಿಕಾರಿ ವರ್ಗವಾಗಿ ಹೋದರೆ? ಹತ್ತು ಜನ ಬಾಯಿಬಿಟ್ಟು ಕಷ್ಟ ಹೇಳಿಕೊಂಡ ಮೇಲೆ ಏನೂ ಆಗದಿದ್ದರೆ ಎರಡನೇ ಸಲ ಅವರು ಬಾಯಿ ಬಿಡುವುದಿಲ್ಲ. ಮೌಲ್ಯಮಾಪನ ಮಾಡದೇ ಇರುವುದಕ್ಕಿಂತ ಇದು ಕೆಟ್ಟದ್ದು.

ಕಡ್ಡಾಯ ಮಾಡಿದರೆ ಈ ಎರಡೂ ತೊಂದರೆ ಹೋಗುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಮೇಲಿನಿಂದ ಬಂದ ಆದೇಶಕ್ಕೆ ಕಚೇರಿಗಳು ಫಾರಂ ತುಂಬುತ್ತವೆ, ಚೆನ್ನಾಗಿಯೇ ತುಂಬುತ್ತವೆ. ಆದರೆ ಗುಮಾಸ್ತ ಕೊಟ್ಟ 15 ಆ ಫಾರಂನಲ್ಲಿ ಬರುವುದಿಲ್ಲ. ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಅಂಕಗಳನ್ನು ಒಳಗೇ ಇಟ್ಟುಕೊಳ್ಳಲಿ, ಸುಧಾರಣೆ ಯೋಜನೆಯನ್ನು ಮಾತ್ರ ಕೌಂಟರಿನ ಎದುರಿನ ಗೋಡೆಗೆ ಹಾಕಲಿ. ಯಾವ ಕೆಲಸ, ಯಾರ ಹೊಣೆ, ಯಾವ ತಿಂಗಳು. ಆರನೇ ಹೆಜ್ಜೆಯಲ್ಲಿ ನಿಂತ ಕಚೇರಿ ಯಾವುದು ಎಂದು ಅಲ್ಲಿಗೆ ಬಂದ ಜನರಿಗೇ ಕಾಣುತ್ತದೆ.